ಕೊಹಿನೂರ ಮಣ್ಣು ಮತ್ತು ಡೆನ್ಮಾರ್ಕಿನ ಅಕ್ಕೋರು

ಹುಮನಾಬಾದಿನ ಕುಂಬಾರಿಕೆ ತರಬೇತಿ ಕೇಂದ್ರಕ್ಕೆ ಹೊಸದಾಗಿ ನೇಮಕಗೊಂಡ ಇಬ್ಬರು ಬೋಧಕರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಕೆಲಸದ ಅನುಭವ ಹೇಳಿ ಎಂದು ಕೇಳಿದರು. ನಿವೃತ್ತನಾದ ಮೇಲೆ ಇಂಥ ಪ್ರಶ್ನೆ ಕೇಳಿದವರು ಇವರೇ ಮೊದಲು. ನಾನು ಉತ್ಸಾಹದಿಂದ ಮಣ್ಣು ಸೋಸುವ ವಿಷಯ ತೆಗೆದೆ. ಚಹಾದ ಕಪ್ಪು ಖಾಲಿಯಾಗುವ ಮೊದಲೇ ಒಬ್ಬರು, "ಸರ, ಅದೆಲ್ಲ ಇರ್ಲಿ, ಆ ಡೆನ್ಮಾರ್ಕ್ ಮೇಡಂ ಬಗ್ಗೆ ಜರಾ ಹೇಳ್ರಿ" ಎಂದರು.

ಎಲ್ಲರೂ ಕೇಳುವುದು ಇದನ್ನೇ. ನಾನು ಆ ಕೇಂದ್ರಕ್ಕೆ ಸೇರಿದ್ದು ತಲೆತುಂಬ ಕೂದಲಿದ್ದಾಗ, ಹೊರಬಂದದ್ದು ಅದು ಪೂರ್ತಿ ಹೋದ ಮೇಲೆ. ಆ ಹೆಂಗಸು ನಮ್ಮಲ್ಲಿ ಇದ್ದದ್ದು ಒಂದು ಚಳಿಗಾಲ, ಒಂದು ಬೇಸಿಗೆ, ಅರ್ಧ ಮಳೆಗಾಲ. ಉಳಿದ ಅಷ್ಟೂ ವರ್ಷ ನಾನು ಏನು ಮಾಡಿದೆ ಎಂಬುದು ಯಾರಿಗೂ ಬೇಕಿಲ್ಲ. ಆಕೆಯನ್ನು ಬಿಟ್ಟು ಬರೆಯೋಣವೆಂದು ಕೂತರೆ ಅದೂ ಆಗುತ್ತಿಲ್ಲ. ನನ್ನ ಸಿಟ್ಟಿಗೆ ಅರ್ಧ ಕಾರಣ ಇದೇ.

ಮೊದಲೇ ಒಂದು ಎಚ್ಚರಿಕೆ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದವರು ಪುರಾವೆಯಿಲ್ಲದೆ ಏನನ್ನೂ ನಂಬಬೇಡ ಎಂದು ಕಲಿಸಿದರು. ಆ ಚಟ ನನ್ನ ನೆನಪಿಗೂ ಅಂಟಿದೆ. ಒಂದು ಘಟನೆಯನ್ನು ಹತ್ತು ಬ್ಯಾಚಿನ ವಿದ್ಯಾರ್ಥಿಗಳಿಗೆ ಹೇಳಿದ ಮೇಲೆ ಕಣ್ಣಾರೆ ಕಂಡದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆದದ್ದನ್ನು ಸೋಸಿಕೊಂಡು ಓದಿ.

ನಾನು ಕೆಲಸಕ್ಕೆ ಸೇರಿದ ವರ್ಷವೇ ರಾಜಧಾನಿಯಿಂದ ನಮಗೊಂದು ಕರೆಂಟಿನ ಭಟ್ಟಿ ಬಂತು. ಮಣ್ಣಿನ ಪಾತ್ರೆ ಸುಡುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ತ್ರೀ ಫೇಸ್ ಬೇಕು. ನಮ್ಮ ಕೇಂದ್ರಕ್ಕೆ ಇದ್ದದ್ದು ಸಿಂಗಲ್ ಫೇಸ್, ಅದೂ ಇದ್ದಾಗ ಇತ್ತು. ಭಟ್ಟಿ ವರಾಂಡದಲ್ಲೇ ಕೂತಿತು. ಕಾವಲುಗಾರನ ಕೋಳಿ ಅದರೊಳಗೆ ಮೊಟ್ಟೆ ಇಡಲು ಶುರುಮಾಡಿತು. ತಪಾಸಣೆಗೆ ಬಂದ ಜಂಟಿ ನಿರ್ದೇಶಕರು ಬಾಗಿಲು ತೆಗೆದು ನೋಡಿದರು. ಕೋಳಿ ಅವರನ್ನು ನೋಡಿತು.

"ಭಟ್ಟಿ ಉಪಯೋಗದಾಗ ಅದ ಏನ್ರಿ?"

"ಇಲ್ರಿ ಸಾಹೇಬ್ರ, ಕರೆಂಟ್ ಸಾಲೂದಿಲ್ಲ."

"ಕರೆಂಟ್ ಇಲ್ಲಂದ್ರ ಉಪಯೋಗಿಸಬ್ಯಾಡ್ರಿ. ಆದ್ರ ಉಪಯೋಗದಾಗ ಇಡ್ರಿ."

ಹೀಗೆಂದು ಅವರು ಜೀಪು ಹತ್ತಿದರು. ಈ ಅಪ್ಪಣೆಯ ಅರ್ಥ ನನಗೆ ಇವತ್ತಿಗೂ ಆಗಿಲ್ಲ. ಹೊಸ ಬೋಧಕರೇ, ಇಂಥವು ನಿಮಗೂ ಬರುತ್ತವೆ. ಹೂಂ ಎನ್ನಿ, ಆಮೇಲೆ ಕಟ್ಟಿಗೆಯ ಭಟ್ಟಿಯಲ್ಲಿ ಸುಡಿ.

ಕಟ್ಟಿಗೆಯ ಭಟ್ಟಿ ನೋಡಿಕೊಳ್ಳುತ್ತಿದ್ದವಳು ಶರಣಮ್ಮ. ಮಂಠಾಳದ ಕುಂಬಾರರ ಮನೆಯವಳು, ನಮ್ಮಲ್ಲಿ ಸಹಾಯಕಿ. ಅವಳ ಗಂಟಲು ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು. ನನಗಿಂತ ಸ್ವಲ್ಪ ಚಿಕ್ಕವಳೇ ಇರಬೇಕು. ಜಗಳದಲ್ಲಿ ಮಾತ್ರ ಹಿರಿಯಳು. ಅವಳಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ತಪ್ಪಾಗಿ ಗೊತ್ತಿದ್ದದ್ದೂ ಬಹಳ ಇತ್ತು. ನಾನು ಮಣ್ಣಿನ ರಸಾಯನದ ಪಾಠ ಮಾಡುವಾಗ ಬಾಗಿಲಲ್ಲಿ ನಿಂತು ಜೋರಾಗಿ ಆಕಳಿಸುತ್ತಿದ್ದಳು.

ಅವಳು ಆಕಳಿಸಿದ್ದಕ್ಕೆ ಕಾರಣವೂ ಇತ್ತು. ಮೊದಲ ಬೇಸಿಗೆಯಲ್ಲಿ ನಾನು ನೀರಿನ ಗಡಿಗೆಗಳಿಗೆ ಗ್ಲೇಜ್ ಹಾಕಿಸಿದೆ, ಅಂದರೆ ಗಾಜಿನಂಥ ಹೊಳಪಿನ ಲೇಪ. ಪುಸ್ತಕದ ಸೂತ್ರ ತಪ್ಪಲಿಲ್ಲ, ಹೊಳಪು ಕನ್ನಡಿಯಂತೆ ಬಂತು. ಒಂದು ವಾರದಲ್ಲಿ ದುಬಲಗುಂಡಿಯ ಒಬ್ಬ ಯಜಮಾನರು ಗಡಿಗೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದು ನನ್ನ ಮೇಜಿನ ಮೇಲೆ ಕೂರಿಸಿದರು. "ಸರ, ನಿಮ್ಮ ಗಡಿಗ್ಯಾಗ ನೀರು ತಂಪಾಗೂದು ಬಿಡ್ರಿ, ಚಹಾಪುಡಿ ಹಾಕಿದ್ರ ಚಹಾ ಆಗ್ತದ" ಎಂದರು. ಗಡಿಗೆ ಬೆವತರೆ ತಾನೆ ನೀರು ತಣ್ಣಗಾಗುವುದು. ನಾನು ಅದರ ಮೈಯ ರಂಧ್ರಗಳನ್ನೆಲ್ಲ ಮುಚ್ಚಿದ್ದೆ. ಇದು ಓದಿದವನು ಮಾತ್ರ ಮಾಡಬಲ್ಲ ತಪ್ಪು. ಶರಣಮ್ಮನಿಗಾದರೂ ಮೊದಲೇ ಹೊಳೆದಿತ್ತೇ? ಹೊಳೆದಿತ್ತು ಎಂದು ಅವಳು ಹೇಳುತ್ತಾಳೆ. ಆವತ್ತು ಆ ಹೊಳಪು ನೋಡಿ ಮನೆಗೆಂದು ಗಡಿಗೆ ಒಯ್ದವರಲ್ಲಿ ಅವಳೂ ಇದ್ದಳು.

ಇಂಥ ಕೇಂದ್ರಕ್ಕೆ ಡೆನ್ಮಾರ್ಕಿನ ಬಿರ್ಗಿಟ್ ಬಂದರು. ಎರಡು ಸರ್ಕಾರಗಳ ನಡುವಿನ ಯಾವುದೋ ಯೋಜನೆ, ನಮ್ಮವರಿಗೆ ವಿನ್ಯಾಸ ಕಲಿಸುವುದಂತೆ. ಐವತ್ತು ದಾಟಿದ ಎತ್ತರದ ಹೆಂಗಸು, ಕತ್ತರಿಸಿದ ಬಿಳಿಗೂದಲು, ಗಂಡಸರ ಅಂಗಿ. ಶರಣಮ್ಮ ಅವರನ್ನು ಮೊದಲ ದಿನವೇ ಅಕ್ಕೋರು ಎಂದಳು. ನಮ್ಮಲ್ಲಿ ಪಾಠ ಹೇಳುವ ಹೆಂಗಸರಿಗೆ ಅದೇ ಹೆಸರು. ಆಮೇಲೆ ಎಲ್ಲರಿಗೂ ಅದೇ ಆಯಿತು.

ಅವರ ಜೀವನದ ಬಗ್ಗೆ ನನಗೆ ತಿಳಿದದ್ದೆಲ್ಲ ಭಟ್ಟಿ ಆರುವುದನ್ನು ಕಾಯುತ್ತ ಕೂತಾಗ ಅವರೇ ಚೂರುಚೂರಾಗಿ ಹೇಳಿದ್ದು. ಮೊದಲು ಚಿತ್ರ ಬರೆಯುತ್ತಿದ್ದರು. ಮನುಷ್ಯ, ಮರ, ಹಡಗು ಯಾವುದೂ ಇಲ್ಲದ ಚಿತ್ರ. ಬರೀ ಆಕಾರ, ಬರೀ ಬಣ್ಣ. ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಆ ಕಾಲದಲ್ಲಿ ಅವರ ದೇಶದ ತರುಣ ಕಲಾವಿದರಿಗೆ ಅದರ ಹುಚ್ಚು ಹಿಡಿದಿತ್ತಂತೆ. ಚಿತ್ರಗಳನ್ನು ಉಳ್ಳವರು ಕೊಂಡು ಬೈಠಕ್ ಖೋಲಿಯಲ್ಲಿ ಸೋಫಾದ ಬಣ್ಣಕ್ಕೆ ಹೊಂದಿಸಿ ತೂಗುಹಾಕುವುದನ್ನು ನೋಡಿ ಅವರಿಗೆ ರೇಗಿತು. ಪಿಂಗಾಣಿ ಕಾರ್ಖಾನೆಗೆ ಹೋಗಿ ಸೇರಿದರು. ತಟ್ಟೆಯಾದರೆ ಮಂದಿ ಅದರಲ್ಲಿ ಉಣ್ಣುತ್ತಾರಲ್ಲ ಎಂದು. ಅಲ್ಲಿನ ಮ್ಯಾನೇಜರನಿಗೆ ಎಲ್ಲ ತಟ್ಟೆಯೂ ಒಂದೇ ಥರ ಬೇಕಿತ್ತು, ಇವರಿಗೆ ಒಂದೂ ಇನ್ನೊಂದರ ಥರ ಬೇಡವಾಗಿತ್ತು. ಕೊನೆಗೆ ಅಲ್ಲಿಂದಲೂ ಹೊರಬಿದ್ದು ಒಬ್ಬರೇ ಭಟ್ಟಿ ಕಟ್ಟಿಕೊಂಡರು. ಅವರು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ನೆನಪಿಟ್ಟುಕೊಂಡಿದ್ದೇನೆ. ನಡುವೆ ಏನೇನು ಸೋರಿಹೋಗಿದೆಯೋ ಗೊತ್ತಿಲ್ಲ.

ಬಂದ ಮೊದಲ ವಾರವೇ ಒಂದು ರಾದ್ಧಾಂತವಾಯಿತು. ಅಕ್ಕೋರು ಸೀದಾ ಹೋಗಿ ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕೂತು ತಿರುಗಿಸಿದರು. ನಮ್ಮ ಕುಂಬಾರರಲ್ಲಿ ಹೆಂಗಸರು ಮಣ್ಣು ತರುತ್ತಾರೆ, ತುಳಿಯುತ್ತಾರೆ, ಸೋಸುತ್ತಾರೆ, ಹಸಿ ಗಡಿಗೆಯನ್ನು ತಟ್ಟಿ ನಯಮಾಡುತ್ತಾರೆ, ಸುಡುತ್ತಾರೆ, ಮಾರುತ್ತಾರೆ. ತಿಗರಿ ಮಾತ್ರ ಮುಟ್ಟುವುದಿಲ್ಲ. ಗಂಡಸರು ಎದ್ದು ಹೊರಗೆ ಹೋಗಿ ನಿಂತರು. ಶರಣಮ್ಮ ಅಕ್ಕೋರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ನೀನೂ ಕೂಡು ಎಂದು ಅಕ್ಕೋರು ಸನ್ನೆ ಮಾಡಿದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕೋರೆ. ನಿಮಗ ಹೋಗಾಕ ವಿಮಾನ ಅದ. ನಾ ಮಂಠಾಳಕ್ಕ ಹೋಗ್ಬೇಕು."

ನಾನು ಅನುವಾದಿಸಿದೆ. ಅಕ್ಕೋರು ನಗಲಿಲ್ಲ. ಮರುದಿನದಿಂದ ತಿಗರಿ ಮುಟ್ಟಲಿಲ್ಲ. ತಿಗರಿ ಬೇಡದ ಕೆಲಸ ಯಾವುದು ಎಂದು ಹುಡುಕಿದರು. ಮಣ್ಣನ್ನು ರೊಟ್ಟಿಯಂತೆ ಬಡಿದು, ಕತ್ತರಿಸಿ, ಸುಟ್ಟು ಗೋಡೆಗೆ ಕೂರಿಸುವ ಬಿಲ್ಲೆಗಳು. ಜೋಳದ ರೊಟ್ಟಿ ಬಡಿಯುವ ಕೈಗೆ ಅದನ್ನು ಹೇಳಿಕೊಡಬೇಕೇ? ಬಸವಕಲ್ಯಾಣದ ಒಂದು ಸರ್ಕಾರಿ ಶಾಲೆಯ ರಸ್ತೆಬದಿಯ ಗೋಡೆಯನ್ನು ಅಕ್ಕೋರೇ ಆರಿಸಿದರು. ಆ ಗೋಡೆ ಆದದ್ದು ಹೀಗೆ. ಈಗ ಕೆಲವರು ಅದರಲ್ಲಿ ವಚನದ ತತ್ವ ಕಾಣುತ್ತಾರೆ, ಕೆಲವರು ಉತ್ತರದ ಸಮುದ್ರ ಕಾಣುತ್ತಾರೆ. ಅದರ ಹಿಂದೆ ಇರುವುದು ತಿಗರಿ ಮುಟ್ಟಲಾರದ ಹೆಂಗಸರು.

ಮಣ್ಣಿನ ವಿಷಯಕ್ಕೆ ಬರೋಣ, ನೀವು ಕೇಳಲೇಬೇಕಾದದ್ದು ಅದು. ಹುಮನಾಬಾದಿನ ಸುತ್ತ ಕೆಂಪು ಮಣ್ಣು, ಸುಟ್ಟರೆ ಇನ್ನೂ ಕೆಂಪು. ಕೊಹಿನೂರ ಎಂಬ ಊರಿನ ಕಡೆಯ ಒಂದು ಹಳ್ಳದ ದಂಡೆಯ ಮಣ್ಣು ಸುಟ್ಟರೆ ಮಾತ್ರ ಬೆಣ್ಣೆಯಂಥ ಬಣ್ಣ ಬರುತ್ತಿತ್ತು. ಅಕ್ಕೋರು ಆ ಬಣ್ಣಕ್ಕೆ ಮರುಳಾಗಿ, ಗೋಡೆಯ ಬಿಲ್ಲೆಗಳಿಗೆಲ್ಲ ಅದೇ ಮಣ್ಣು ಬಳಸಿ ಮೇಲೆ ಬಣ್ಣ ಹಾಕಿದರು. ಆ ಬೆಣ್ಣೆ ಬಣ್ಣ ಬರುವುದು ಮಣ್ಣಿನಲ್ಲಿರುವ ಸುಣ್ಣದಿಂದ. ಸುಣ್ಣ ಹಿಟ್ಟಿನಂತೆ ಬೆರೆತಿದ್ದರೆ ಬಣ್ಣ ಕೊಡುತ್ತದೆ. ಜೋಳದ ಕಾಳಿನಷ್ಟು ಹರಳು ಉಳಿದಿದ್ದರೆ, ಸುಟ್ಟ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಮೇಲಿನ ಪದರವನ್ನು ಸಿಡಿಸಿ ಎಸೆಯುತ್ತದೆ. ಭಟ್ಟಿಯಿಂದ ಹೊರಬಂದಾಗ ಏನೂ ಕಾಣುವುದಿಲ್ಲ. ಮಳೆ ಹಿಡಿದ ಮೇಲೆ ಶುರುವಾಗುತ್ತದೆ.

ನಾನು ಇದನ್ನು ಓದಿಕೊಂಡವನು. ಅಕ್ಕೋರಿಗೆ ಮೊದಲೇ ಎಚ್ಚರಿಕೆ ಕೊಟ್ಟೆ ಎಂದು ನನ್ನ ನೆನಪು. ಅನಾಹುತ ಆದ ಮೇಲೆ 'ನಾನು ಆಗಲೇ ಹೇಳಿದ್ದೆ' ಎನ್ನುವವರು ಎಷ್ಟು ಮಂದಿ ಇರುತ್ತಾರೆಂದು ಗೊತ್ತಿರುವುದರಿಂದ ಈ ನೆನಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೋಡೆಯ ಉದ್ಘಾಟನೆ ಬೇಸಿಗೆಯಲ್ಲಿ ಆಯಿತು. ಅದರ ಒಂದೇ ಫೋಟೋ ಉಳಿದಿದೆ. ಹಾರ ಹಾಕಿಕೊಂಡ ಜಂಟಿ ನಿರ್ದೇಶಕರು, ಮುಖ್ಯೋಪಾಧ್ಯಾಯರು, ಊರಿನ ಗಣ್ಯರು ಎರಡು ಸಾಲಾಗಿ ಗೋಡೆಗೆ ಬೆನ್ನು ಹಾಕಿ ನಿಂತಿದ್ದಾರೆ. ಅವರ ತಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಲ್ಲೆಯ ಮೂಲೆ ಕಾಣುತ್ತದೆ. ಅಕ್ಕೋರು ಅಂಚಿನಲ್ಲಿ ಅರ್ಧ ಇದ್ದಾರೆ, ಶರಣಮ್ಮ ಇಲ್ಲವೇ ಇಲ್ಲ. ಮುಂದೆ ಪುರಾವೆ ಬೇಕಾದಾಗ ಈ ಫೋಟೋ ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಅದನ್ನು ಮಗುಚಿ ಇಟ್ಟೆ.

ಮಳೆ ಹಿಡಿಯಿತು. ಬಿಲ್ಲೆಗಳು ಸಿಡಿಯತೊಡಗಿದವು. ಶಾಲೆಗೆ ಹೋಗಿ ನೋಡಿದರೆ ಗೋಡೆಯ ಕೆಳಗೆ ಬಣ್ಣದ ಚಕ್ಕೆಗಳು ಬಿದ್ದಿದ್ದವು, ಗೋಡೆಯ ಮೈಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳು. ಅಕ್ಕೋರು ತಮ್ಮ ಭಾಷೆಯಲ್ಲಿ ಏನೋ ಕೂಗಾಡಿ ಬಕೀಟಿಗೆ ಒದ್ದರು. ಕಾಲಿಗೆ ಪೆಟ್ಟಾಗಿ ಅಲ್ಲೇ ಕೂತರು. ಶರಣಮ್ಮ ಚಕ್ಕೆಗಳನ್ನು ಸೆರಗಿನಲ್ಲಿ ಆರಿಸಿಕೊಂಡಳು.

"ಅಳಬ್ಯಾಡ್ರಿ ಅಕ್ಕೋರೆ. ಬಿದ್ದದ್ದು ಬಿದ್ದಾಂಗ ಮತ್ತ ಮಾಡೋಣು. ಗಡಿಗಿ ಒಡದ್ರ ಕುಂಬಾರ್ತಿ ಅತ್ತಿದ್ದು ಎಲ್ಲ್ಯಾರ ಕೇಳೀರೇನ್ರಿ?"

ಅದರಂತೆಯೇ ಅಕ್ಕೋರು ಊರಿಗೆ ಮರಳುವ ಮೊದಲು ಶರಣಮ್ಮನಿಗೆ ಒಂದು ಮಾತು ಹೇಳಿಹೋದರು. ಬಿದ್ದ ಕಡೆ ಹೊಸದು ಮಾಡಿ ಕೂರಿಸು, ನನ್ನದನ್ನು ನಕಲು ಮಾಡಬೇಡ, ಪಕ್ಕದ ಬಿಲ್ಲೆ ನೋಡಿಕೊಂಡು ನಿನ್ನ ಕೈ ಹೋದ ಕಡೆ ಹೋಗು. ಇದನ್ನು ನಾನೇ ಅನುವಾದಿಸಿದೆ ಎಂದು ನೆನಪು. "ಸುಳ್ಳ್ರಿ, ನೀವು ಆವತ್ತು ಇರ್ಲೇ ಇಲ್ಲ. ಅಕ್ಕೋರು ಕೈ ಮಾಡಿ ತೋರ್ಸಿದ್ರು, ನನಗ ತಿಳೀತು" ಎನ್ನುತ್ತಾಳೆ ಶರಣಮ್ಮ. ಅಕ್ಕೋರು ಮತ್ತೆ ಬರಲಿಲ್ಲ. ತೀರಿಕೊಂಡ ಸುದ್ದಿ ಕೂಡ ನಮಗೆ ತಲುಪಿದ್ದು ಎಷ್ಟೋ ಕಾಲದ ನಂತರ.

ಆಮೇಲೆ ಅದು ಕೇಂದ್ರದ ಪದ್ಧತಿಯೇ ಆಯಿತು. ಪ್ರತಿ ಮಳೆಗಾಲ ಕೆಲವು ಬಿಲ್ಲೆ ಹಾಳಾಗುವುದು, ಮಳೆ ನಿಂತ ಮೇಲೆ ಶರಣಮ್ಮ ಹೆಣ್ಣುಮಕ್ಕಳ ಬ್ಯಾಚನ್ನು ಕೂರಿಸಿಕೊಂಡು ಹೊಸದು ಮಾಡುವುದು. ಕೊಹಿನೂರ ಮಣ್ಣು ಕೂಡದು ಎಂದು ನಾನು ಕಟ್ಟಪ್ಪಣೆ ಮಾಡಿದೆ. ಕೆಂಪು ಮಣ್ಣಿನ ಬಿಲ್ಲೆ, ಮೇಲೆ ಬಿಳಿ ಮಣ್ಣಿನ ತೆಳು ಲೇಪ, ಅದರ ಮೇಲೆ ಬಣ್ಣ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ನಡುವೆ ಒಂದು ಸಲ ಮಂತ್ರಿಗಳು ಬರುತ್ತಾರೆಂದು ಶಾಲೆಯವರು ಇಡೀ ಗೋಡೆಗೆ ಗುಲಾಬಿ ಆಯಿಲ್ ಪೇಂಟ್ ಹೊಡೆಸಿದರು. ನಾನು ಹೋಗಿ ಕೂಗಾಡಿದೆ. "ಎಷ್ಟು ಕಲೆ ಬಿದ್ದಿದ್ವು ಸರ, ಸಾಫ್ ಕಾಣ್ಲಿ ಅಂತ ಹೊಡಸೀವ್ರಿ" ಎಂದರು ಮುಖ್ಯೋಪಾಧ್ಯಾಯರು. ಮಂತ್ರಿಗಳು ಬರಲಿಲ್ಲ. ಮಳೆಗಾಲ ಮುಗಿದ ಮೇಲೆ ಬ್ಲೇಡು, ಸೀಮೆಎಣ್ಣೆ ಹಿಡಿದು ಆ ಬಣ್ಣ ಕೆರೆದೆವು. ಆ ವರ್ಷ ಒಂದು ಬಿಲ್ಲೆಯೂ ಸಿಡಿಯಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಪೇಂಟು ತೇವವನ್ನು ತಡೆದಿತ್ತು. ನನ್ನ ವಿಶ್ವವಿದ್ಯಾಲಯದ ಪದವಿಯಿಂದ ಆಗದ್ದು ಗುಲಾಬಿ ಬಣ್ಣದಿಂದ ಆಯಿತು.

ಇನ್ನು ನನ್ನ ಪಾಠ. ಪ್ರತಿ ಬ್ಯಾಚನ್ನೂ ಆ ಗೋಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಎಡಭಾಗದಲ್ಲಿ ಎದೆಮಟ್ಟಕ್ಕೆ ಒಂದು ಹಸಿರುನೀಲಿ ಬಿಲ್ಲೆ ಇದೆ. ಎಲೆ ಎಂದರೆ ಎಲೆಯಲ್ಲ, ದೋಣಿ ಎಂದರೆ ದೋಣಿಯಲ್ಲ. ಅದರ ಒಂದು ಅಂಚು ಎಲ್ಲಿಗೋ ಹೊರಟು ಮನಸ್ಸು ಬದಲಿಸಿದ ಹಾಗೆ ತಿರುಗುತ್ತದೆ. ಅಕ್ಕೋರು ಅದನ್ನು ಕತ್ತರಿಸುವಾಗ ನಾನು ಅವರ ಎಡಕ್ಕೆ ನಿಂತಿದ್ದೆ. ಕತ್ತರಿಸಿ ಒಂದು ಕ್ಷಣ ತಡೆದು ಮೊಣಕೈಯಿಂದ ಆ ಅಂಚನ್ನು ಒತ್ತಿದರು. ಹೊರಗೆ ಯಾರೋ ಹಿಟ್ಟಿನ ಗಿರಣಿ ಶುರುಮಾಡಿದರು. ಇಷ್ಟು ಸ್ಪಷ್ಟ. 'ನೋಡಿ, ಆಧುನಿಕ ಎಂದರೆ ಇದು, ಈ ತಿರುವು ನಮ್ಮ ಕೈಗೆ ಬರುವುದಿಲ್ಲ' ಎಂದು ನಾನು ಎಲ್ಲ ಬ್ಯಾಚಿಗೂ ಹೇಳಿದ್ದೇನೆ. ಶರಣಮ್ಮನೂ ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ.

ನಿವೃತ್ತನಾದೆ. ಗೋಡೆಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮೊನ್ನೆ ಬೇಸಿಗೆಯಲ್ಲಿ ಸಂಸ್ಕೃತಿ ಇಲಾಖೆಯ ತರುಣ ಅಧಿಕಾರಿ ಫರ್ಹಾನಾ ಅವರು ನಮ್ಮ ಮನೆ ಹುಡುಕಿಕೊಂಡು ಬಂದರು. ಬಸವಕಲ್ಯಾಣದವರೇ, ಅದೇ ರಸ್ತೆಯಲ್ಲಿ ನಡೆದು ಶಾಲೆಗೆ ಹೋದವರು.

"ಸರ, ಆ ಗ್ವಾಡಿ ಕೆಡವಾಕತ್ತಾರ. ಹೊಸ ಖೋಲಿ ಕಟ್ಟಬೇಕಂತ. ರಜಾ ಮುಗಿಯೂದ್ರಾಗ ಕೆಲಸ ಶುರು" ಎಂದರು. "ಅತ್ಲಾಗ ಡೆನ್ಮಾರ್ಕಿನ ಮ್ಯೂಸಿಯಂನೋರು ಅಕ್ಕೋರ ಕೆಲಸದ ಪ್ರದರ್ಶನ ಮಾಡ್ಲಾಕ ಹೊಂಟಾರ, ನಿಮ್ಮ ಕಡೆ ಏನಾರ ಅದ ಏನು ಅಂತ ಕೇಳ್ಯಾರ. ಇದು ಅವರದೇ ಕೆಲಸ ಅಂತ ನೀವು ಬರ್ದು ಕೊಟ್ರ ಗ್ವಾಡಿ ಉಳಿಸ್ತೀನ್ರಿ. ಆಗಿನ ಬೋಧಕರೊಳಗ ಈಗ ನೀವೊಬ್ರೇ ಉಳದೀರಿ."

"ಅದರಲ್ಲಿ ಅವರದು ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತಮ್ಮ? ವರ್ಷವರ್ಷ ಶರಣಮ್ಮ ಮತ್ತು ಹೆಣ್ಣುಮಕ್ಕಳು ಹೊಸದು ಕೂರಿಸಿದ್ದಾರೆ. ಎಲ್ಲರ ಹೆಸರೂ ಬರೆದುಕೊಡುತ್ತೇನೆ."

"ಸರ, ಊರ ಕುಂಬಾರ್ತೇರು ಮಾಡಿದ್ದು ಅಂತ ಬರದ್ರ ಮ್ಯಾಲಿನೋರು ಏನಂತಾರ ಗೊತ್ತದೇನ್ರಿ? 'ಹಂಗಾದ್ರ ಕೆಡವ್ರಿ, ಇನ್ನೊಂದು ಮಾಡಿಸಿದ್ರಾತು' ಅಂತಾರ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಗೊತ್ತಿಲ್ಲದ್ದಕ್ಕೆ ಸಹಿ ಹಾಕುವುದಿಲ್ಲ ಎಂದೆ.

ಮರುದಿನ ಮಂಠಾಳದಿಂದ ಶರಣಮ್ಮ ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರುವಾಯಿತು.

"ಯಾಕ್ರಿ ಸರ, ಸಹಿ ಮಾಡಿದ್ರ ನಿಮ್ಮ ಕೈ ಸವೀತದೇನು? ಬರಕೊಡ್ರಿ ಅಕ್ಕೋರದು ಅಂತ."

"ನಿನ್ನ ಹೆಸರು ಎಲ್ಲೂ ಇರುವುದಿಲ್ಲ, ಶರಣಮ್ಮ."

"ಈಗ ಎಲ್ಲಿ ಅದ ತೋರಸ್ರಿ. ಗಡಿಗಿ ಅಂದ್ರ ಗಂಡಸರ ಕೆಲಸ ಅಂತಾರ ಮಂದಿ. ನಾವು ಹೆಂಗಸರು ಮಾಡಿದ್ದು ಅಂತ ಊರಾಗ ಇರೂದು ಅದೊಂದ ಗ್ವಾಡಿ. ನಮ್ಮ ಓಣಿ ಹೆಣ್ಮಕ್ಕಳು ಬಸ್ಸಿನ್ಯಾಗಿಂದ ಬಗ್ಗಿ ನೋಡ್ತಾವ, ಇದು ನಂದು, ಅದು ನಮ್ಮ ಅತ್ತೀದು ಅಂತ. ಗ್ವಾಡೀನೇ ಹೋದ ಮ್ಯಾಲ ನಿಮ್ಮ ಖರೆ ತಗೊಂಡು ಎಲ್ಲಿ ಹಚ್ಚೂದ್ರಿ?"

ಮಾತಿನಲ್ಲಿ ಸೋತಾಗ ನಾನು ಮಾಡುವುದನ್ನೇ ಮಾಡಿದೆ. ಪರೀಕ್ಷೆ ಮಾಡೋಣ ಎಂದೆ. ಅಕ್ಕೋರ ಬಿಲ್ಲೆಗಳು ಕೊಹಿನೂರ ಮಣ್ಣಿನವು, ಒಳಗೆ ಬೆಣ್ಣೆ ಬಣ್ಣ. ಆಮೇಲಿನವು ಒಳಗೆ ಕೆಂಪು. ಮೂಲೆಯಲ್ಲಿ ಚೂರು ಕೆತ್ತಿದರೆ ತಿಳಿಯುತ್ತದೆ. ಅರ್ಧದಷ್ಟಾದರೂ ಬೆಣ್ಣೆ ಬಣ್ಣ ಇದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತೇನೆ. ಫರ್ಹಾನಾ ಒಪ್ಪಿದರು. ಮೂವರೂ ಶಾಲೆಗೆ ಹೋದೆವು. ಸಣ್ಣ ಉಳಿ, ಸುತ್ತಿಗೆ ನನ್ನ ಚೀಲದಲ್ಲಿದ್ದವು.

ಎಲ್ಲಿಂದ ಶುರುಮಾಡುವುದೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಹಸಿರುನೀಲಿ ಬಿಲ್ಲೆ. ಇದು ಅಕ್ಕೋರದೇ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಫರ್ಹಾನಾಗೆ ಹೇಳಿದೆ. ಮೊಣಕೈಯ ಕಥೆಯನ್ನೂ, ಹಿಟ್ಟಿನ ಗಿರಣಿಯನ್ನೂ ಹೇಳಿದೆ. ಮೂಲೆಗೆ ಉಳಿ ಇಟ್ಟು ಮೆಲ್ಲಗೆ ಹೊಡೆದೆ. ಜೋಳದ ಕಾಳಿನಷ್ಟು ಚಕ್ಕೆ ಹಾರಿತು.

ಒಳಗೆ ಕೆಂಪು. ನಮ್ಮ ಹುಮನಾಬಾದಿನ ಮಣ್ಣು.

ನಾನು ಬೆರಳು ಎಂಜಲು ಮಾಡಿ ಒರೆಸಿ ನೋಡಿದೆ. ಕೆಂಪೇ. ಹಿಂದಿನಿಂದ ಶರಣಮ್ಮ ನಕ್ಕಳು.

"ಅಯ್ಯ, ಇದು ನಂದ! ಇಷ್ಟು ವರ್ಷ ನನ್ನ ಬಿಲ್ಲಿ ತೋರ್ಸಿ, ನಮ್ಮ ಕೈಲೆ ಇದು ಬರಂಗಿಲ್ಲ ಅಂತ ನನ್ನ ಮುಂದೇ ಪಾಠ ಮಾಡೀರಲ್ರಿ ಸರ!"

"ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಖಾತ್ರಿಲೆ ಹೇಳೂದು ಕೇಳಿ, ಅಕ್ಕೋರದೇ ಇರಬೇಕು ಬಿಡು ಅಂತ ನಾನೂ ನಂಬಿದ್ನಿ."

ನಾನು ಕಂಡದ್ದು ಹಾಗಾದರೆ ಏನು? ಯಾರದೋ ಮೊಣಕೈ ನೋಡಿದ್ದಂತೂ ನಿಜ. ಅದು ಯಾರದು? ಗಿರಣಿಯ ಸದ್ದು ಯಾವ ವರ್ಷದ್ದು? ನಾನು ಮತ್ತೆ ಮತ್ತೆ ಆ ಮೂಲೆ ಒರೆಸುವುದನ್ನು ನೋಡಿ ಶರಣಮ್ಮನಿಗೆ ಹುರುಪು ಬಂತು. ಪಕ್ಕದ ಹಳದಿ ಬಿಲ್ಲೆಯನ್ನು ತೋರಿಸಿ, "ಇದೂ ನಂದೇ, ನಮ್ಮವ್ವನ ಆಣಿ. ಇದನ್ನೂ ಕೆತ್ತಿ ನೋಡ್ರಿ" ಎಂದಳು. ಕೆತ್ತಿದೆ. ಒಳಗೆ ಬೆಣ್ಣೆ ಬಣ್ಣ.

"ಇದು ಅಕ್ಕೋರದು" ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗೆದ್ದ ಧಾಟಿ ಇತ್ತೆಂದು ಕಾಣುತ್ತದೆ.

"ಅಕ್ಕೋರದು ಹ್ಯಾಂಗ ಆಗ್ತದ್ರಿ? ನಾನೂ ಕೊಹಿನೂರ ಮಣ್ಣು ಹಾಕ್ತಿದ್ನಿ."

"ಹಾಕಕೂಡದು ಅಂತ ಹೇಳಿದ್ದೆನಲ್ಲ!"

"ನೀವು ಹೇಳ್ತಿದ್ರಿ, ರಜಾದ ಮ್ಯಾಲ ಹೋಗ್ತಿದ್ರಿ. ಸೀರಿ ಅರಬ್ಯಾಗ ಎರಡೆರಡು ಸಲ ಸೋಸಿ ಹಾಕ್ತಿದ್ನಿ. ಕೆಲವು ಸಿಡದ್ವು, ಕೆಲವು ನಿಂತ್ವು. ಆ ಬಣ್ಣ ಕೆಂಪು ಮಣ್ಣಿನ್ಯಾಗ ಬರ್ತದೇನ್ರಿ, ನೀವೇ ಹೇಳ್ರಿ?"

ಅಷ್ಟೂ ವರ್ಷ ನನ್ನ ಅಪ್ಪಣೆ ನಡೆಯುತ್ತಿದೆ ಎಂದು ನಂಬಿದ್ದೆ. ಜಂಟಿ ನಿರ್ದೇಶಕರ ಅಪ್ಪಣೆಗೆ ನಾನು ಹೂಂ ಎಂದ ಹಾಗೆಯೇ ನನ್ನ ಅಪ್ಪಣೆಗೂ ಇಲ್ಲಿ ಹೂಂ ಎಂದಿದ್ದರು. ಇನ್ನು ಪರೀಕ್ಷೆಗೆ ಏನರ್ಥ? ಕೆಂಪಿದ್ದರೆ ಅಕ್ಕೋರದಲ್ಲ, ಸರಿ. ಬೆಣ್ಣೆ ಬಣ್ಣವಿದ್ದರೆ ಯಾರದೂ ಆಗಬಹುದು. ಇಡೀ ಗೋಡೆ ಕೆತ್ತಿದರೂ ನಾನು ಇರುವಲ್ಲೇ ಇರುತ್ತೇನೆ. ಆದರೂ ನೋಡಿ, ಕೈ ಮೂರನೆಯ ಬಿಲ್ಲೆಗೆ ಉಳಿ ಇಟ್ಟಿತ್ತು. ಶರಣಮ್ಮ ನನ್ನ ಮಣಿಕಟ್ಟು ಹಿಡಿದಳು. ಅವಳಿಗೆ ವಯಸ್ಸಾಗಿದೆ, ಹಿಡಿತ ಮಾತ್ರ ಹಾಗೇ ಇದೆ.

"ಸಾಕ್ರಿ. ಗ್ವಾಡಿ ಉಳಸಾಕ ಬಂದೀರೋ, ಅವರಿಗಿಂತ ಮೊದ್ಲ ನೀವೇ ಕೆಡವಾಕ ಬಂದೀರೋ?"

ಫರ್ಹಾನಾ ಹಾಳೆಯನ್ನು ಮುಂದೆ ಹಿಡಿದರು. ಈ ಗೋಡೆಯ ಕೆಲಸ ಡೆನ್ಮಾರ್ಕಿನ ಕಲಾವಿದೆಯದು ಎಂದು ಅದರಲ್ಲಿತ್ತು. ಶಾಲೆಯ ಕಟ್ಟೆಯ ಮೇಲೆ ಕೂತು ಸಹಿ ಮಾಡಿದೆ. ಅಲ್ಲ ಎಂದು ಹೇಳಲು ನನ್ನಲ್ಲಿ ಪುರಾವೆ ಇರಲಿಲ್ಲ, ಹೌದು ಎಂದು ಹೇಳಲೂ ಇರಲಿಲ್ಲ. ಗೋಡೆ ಉಳಿಯಬೇಕು ಎಂಬುದಷ್ಟೇ ಗೊತ್ತಿತ್ತು. ಕೆಲಸದಲ್ಲಿದ್ದಾಗ ಇಂಥ ಸಹಿ ಹಾಕಿದವರನ್ನು ನಾನು ಎಷ್ಟು ಬೈದಿದ್ದೇನೆಂದು ಹಳಬರನ್ನು ಕೇಳಿ.

ಗೋಡೆ ಉಳಿಯಿತು. ಹೊಸ ಕೋಣೆಗಳನ್ನು ಹಿಂದಕ್ಕೆ ಸರಿಸಿದರು. ಹೋದ ವಾರ ಒಂದು ಬೋರ್ಡು ಹಾಕುತ್ತೇವೆಂದು ನಮ್ಮಿಬ್ಬರನ್ನೂ ಕರೆದಿದ್ದರು. ಸ್ಟೀಲಿನ ಬೋರ್ಡು, ಹೊಳೆಯುವ ಅಕ್ಷರ. ಶರಣಮ್ಮನಿಗೆ ಓದಲು ಬರುವುದಿಲ್ಲ.

"ಏನಂತ ಬರದಾರ್ರಿ?"

ಓದಿ ಹೇಳಿದೆ. ಅಕ್ಕೋರ ಹೆಸರು, ದೇಶ, ಪ್ರಸಿದ್ಧ ಕಲಾವಿದೆ, ಅಷ್ಟೇ. ಅವಳು ಇನ್ನೂ ಇದೆಯೇನೋ ಎಂಬಂತೆ ನನ್ನ ಬಾಯಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಛಲೋ ಬರದಾರ" ಎಂದಳು.

ಅಷ್ಟರಲ್ಲಿ ಗುತ್ತಿಗೆದಾರನ ಆಳು ಬೋರ್ಡು ಕೂರಿಸಲು ಡ್ರಿಲ್ ತೆಗೆದು ಸೀದಾ ಒಂದು ಬಿಲ್ಲೆಯ ನಡುವೆಯೇ ಕೊರೆದ. ಪಕ್ಕದಲ್ಲಿ ಬರೀ ಗಾರೆಯ ಜಾಗ ಬೇಕಾದಷ್ಟಿತ್ತು. ಬಿಲ್ಲೆ ಠಸ್ಸೆಂದು ಎರಡು ಹೋಳಾಗಿ ಕೆಳಗೆ ಬಿತ್ತು.

"ಏ, ಕಣ್ಣು ಎಲ್ಲಿ ಇಟ್ಟೀಯೋ!" ಶರಣಮ್ಮನ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು.

ನಾನು ಬಗ್ಗುವ ಮೊದಲೇ ಅವಳು ಬಗ್ಗಿ ಎರಡೂ ಹೋಳು ಎತ್ತಿಕೊಂಡಳು. ಒಡೆದ ಬದಿ ಅವಳ ಕಡೆಗಿತ್ತು.

"ಒಳಗೆ ಏನಿದೆ? ಕೆಂಪೋ, ಬೆಣ್ಣೆ ಬಣ್ಣವೋ?" ಎಂದೆ. ಕೇಳದೆ ಇರಲಾಗಲಿಲ್ಲ.

ಅವಳು ಹೋಳುಗಳನ್ನು ಸೆರಗಿಗೆ ಹಾಕಿ ಗಂಟು ಕಟ್ಟಿಕೊಂಡಳು.

"ಒಡದದ್ರಿ ಸರ. ಹೊಸಾದು ಮಾಡಬೇಕು. ಆ ಹೊಸ ಮಾಸ್ತರಗೋಳಿಗೆ ನಾಳಿಗೆ ಮಣ್ಣು ತರಾಕ ಹೇಳ್ರಿ."